ಎರಡನೆಯ ಬಾಟಲಿ



ಇವತ್ತು ಒಂದು ಸಣ್ಣ ಬಾಟಲಿಯ ಬಗ್ಗೆ ಮಾತಾಡೋಣ. ಅಂಗೈಯಲ್ಲಿ ಹಿಡಿಯುವಷ್ಟು ಬಾಟಲಿ. ಒಳಗೆ 50 ಮಿಲಿಲೀಟರ್ ಸಿರಪ್. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಔಷಧಿ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಡುತ್ತಾಳೆ. ರೊಕ್ಕ ಕೊಡಬೇಕಿಲ್ಲ.

ಅಕ್ಕಲಕೋಟೆ ತಾಲೂಕಿನ ದುಧನಿ, ಮೈಂದರ್ಗಿ, ನಾಗಣಸೂರ ಇರಲಿ. ದಕ್ಷಿಣ ಸೊಲ್ಲಾಪುರದ ಹೊಟಗಿ, ಮಂದ್ರೂಪ ಇರಲಿ. ಈ ಕಡೆ ಅಫಜಲಪುರ, ಇಂಡಿ ಇರಲಿ. ಮಹಾರಾಷ್ಟ್ರ-ಕರ್ನಾಟಕ ಗಡಿಯ ಎರಡೂ ಬದಿಯ ಅಡುಗೆಮನೆಯ ಮಾಡದಲ್ಲಿ ಈ ಬಾಟಲಿ ಸಿಗುತ್ತದೆ. ಎತ್ತಿ ನೋಡಿ. ಮುಕ್ಕಾಲು ತುಂಬಿಯೇ ಇರುತ್ತದೆ. ಮುಚ್ಚಳದ ಸುತ್ತ ಸಿಹಿ ಅಂಟಿ, ಇರುವೆ ಹತ್ತಿರುತ್ತವೆ. "ಯಾಕವ್ವಾ ನಿಲ್ಲಿಸಿದಿ?" ಎಂದರೆ, "ಈಗ ಹುಡುಗ ಅರಾಮ ಅದಾನ್ರಿ" ಎನ್ನುತ್ತಾರೆ.

ನಾನು ಹೇಳಬೇಕಾದದ್ದು ಒಂದೇ ಮಾತು. ರಕ್ತ ಕಡಿಮೆಯಾದ ಕೂಸಿಗೆ ಮೊದಲ ಬಾಟಲಿ ಸಿಕ್ಕೀತು. ಎರಡನೆಯ ಬಾಟಲಿ ಮುಗಿಯುವುದೇ ಅಪರೂಪ. ಕೂಸು ಪೂರ್ತಿ ಗುಣವಾಗುವುದು ಆ ಎರಡನೆಯದರಲ್ಲಿ.

ಮೊದಲು, ಇದು ಎಷ್ಟು ದೊಡ್ಡ ವಿಷಯ ಎಂದು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎಂಬುದೊಂದಿದೆ. ಅದರ ಐದನೆಯ ಸುತ್ತು 2019ರಿಂದ 2021ರವರೆಗೆ ನಡೆಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಬೆರಳು ಚುಚ್ಚಿ ರಕ್ತ ನೋಡಿದರು. ಮಹಾರಾಷ್ಟ್ರದಲ್ಲಿ ನೂರು ಮಕ್ಕಳಲ್ಲಿ 69 ಮಕ್ಕಳಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು 65. ಗಡಿ ದಾಟಿದರೆ ಭಾಷೆಯ ಬೋರ್ಡು ಬದಲಾಗುತ್ತದೆ, ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಇನ್ನೊಂದು ಸಮೀಕ್ಷೆ 2016ರಿಂದ 2018ರವರೆಗೆ ದೇಶದ ಮಕ್ಕಳ ಪೋಷಣೆಯನ್ನು ಅಳೆಯಿತು. ಅಲ್ಲಿ ಬೆರಳಿನಿಂದಲ್ಲ, ರಕ್ತನಾಳದಿಂದಲೇ ರಕ್ತ ತೆಗೆದರು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 41 ಎಂದು ಬಂತು. ಯಾವುದು ಸರಿ ಎಂದು ಪಂಡಿತರು ಚರ್ಚೆ ಮಾಡುತ್ತಲೇ ಇದ್ದಾರೆ. ಮಾಡಲಿ. ಕಡಿಮೆಯ ಲೆಕ್ಕವನ್ನೇ ಹಿಡಿದರೂ ಅಂಗನವಾಡಿಯಲ್ಲಿ ಕೂತ ಹತ್ತು ಮಕ್ಕಳಲ್ಲಿ ನಾಲ್ವರು.

ರಕ್ತಹೀನತೆ ಎಂದರೆ ಯಾವ ಗೆರೆಯ ಕೆಳಗೆ? ಐದು ವರ್ಷದೊಳಗಿನ ಮಕ್ಕಳಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ನಮ್ಮ ಸರಕಾರಿ ಕಾರ್ಯಕ್ರಮ ಎಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡು ವರ್ಷದೊಳಗಿನವರಿಗೆ ಇದನ್ನು ಹತ್ತೂವರೆಗೆ ಇಳಿಸಿದೆ. 7ಕ್ಕಿಂತ ಕೆಳಗೆ ಹೋದರೆ ಅದು ಮನೆಮದ್ದಿನ ಮಾತಲ್ಲ, ಸಿರಪ್ಪಿನ ಮಾತೂ ಅಲ್ಲ. ಆ ಕೂಸನ್ನು ಆಸ್ಪತ್ರೆಗೇ ಸೇರಿಸಬೇಕು.

ಯಂತ್ರವಿಲ್ಲದೆಯೂ ತಾಯಿ ಕೆಲವು ಗುರುತು ಹಿಡಿಯಬಹುದು. ಕೂಸಿನ ಕೆಳಗಿನ ಕಣ್ಣುರೆಪ್ಪೆಯನ್ನು ಬೆರಳಿನಿಂದ ಸ್ವಲ್ಪ ಕೆಳಗೆಳೆಯಿರಿ. ಒಳಬದಿ ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ ಅನುಮಾನ ಪಡಿ. ಕೂಸಿನ ಅಂಗೈಯನ್ನು ನಿಮ್ಮ ಅಂಗೈ ಪಕ್ಕ ಇಟ್ಟು ನೋಡಿ. ಇನ್ನೊಂದು ಗುರುತು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಕೂಸು ಗೋಡೆಯ ಮಣ್ಣು ಕೆರೆದು ತಿನ್ನುತ್ತದೆ. ಸುಣ್ಣ, ಬಳಪ ಬಾಯಿಗೆ ಹಾಕುತ್ತದೆ. ಅದಕ್ಕೆ ಬೈದು, ಕೈಮೇಲೆ ಹೊಡೆದು ಬಿಡಿಸಲು ನೋಡುತ್ತೇವೆ. ಹೊಡೆಯುವ ಬದಲು ರಕ್ತ ಪರೀಕ್ಷೆ ಮಾಡಿಸಿ. ಮಣ್ಣು ತಿನ್ನುವ ಚಟ ಕಬ್ಬಿಣಾಂಶದ ಕೊರತೆಯ ಜೊತೆಗೇ ಬರುವಂಥದ್ದು. ಕೊರತೆ ತುಂಬಿದ ಮೇಲೆ ಎಷ್ಟೋ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ರಕ್ತಹೀನತೆ ಎಲ್ಲೋ ಒಂದು ಮನೆಯದಲ್ಲ, ಓಣಿ ಓಣಿಯದು. ಈಗ, ಎರಡು ಬಾಟಲಿ ಯಾಕೆ ಬೇಕು ಎಂಬುದಕ್ಕೆ ಬರೋಣ.

ನಮ್ಮ ಕಡೆ ಹಿಂದೆ ಜೋಳವನ್ನು ಹಗೆವಿನಲ್ಲಿ ತುಂಬುತ್ತಿದ್ದರು. ದಿನದ ಖರ್ಚಿಗೆ ಮನೆಯೊಳಗಿನ ಡಬ್ಬಿಯಲ್ಲಿ ಹಿಟ್ಟು. ವರ್ಷದ ಭರವಸೆ ನೆಲದೊಳಗಿನ ಹಗೆವಿನಲ್ಲಿ. ಶರೀರದಲ್ಲೂ ಕಬ್ಬಿಣ ಹೀಗೆಯೇ ಎರಡು ಕಡೆ ಇರುತ್ತದೆ. ರಕ್ತದಲ್ಲಿ ಓಡಾಡುವುದು ಡಬ್ಬಿಯ ಹಿಟ್ಟು. ಯಕೃತ್ತು, ಅಸ್ಥಿಮಜ್ಜೆಯಲ್ಲಿ ಕೂಡಿಟ್ಟದ್ದು ಹಗೆವು. ಕೊರತೆ ಬಂದಾಗ ಮೊದಲು ಬರಿದಾಗುವುದು ಹಗೆವು. ಡಬ್ಬಿ ಬರಿದಾಗುವುದು ಕೊನೆಗೆ. ಹಿಮೋಗ್ಲೋಬಿನ್ ಇಳಿದಿದೆ ಎಂದು ಯಂತ್ರ ತೋರಿಸುವ ಹೊತ್ತಿಗೆ ಹಗೆವಿನ ತಳ ಕಂಡು ಬಹಳ ದಿನವಾಗಿರುತ್ತದೆ.

ಔಷಧಿ ಶುರುವಾದ ಮೇಲೆ ತುಂಬುವ ಕ್ರಮ ತಿರುಗುಮುರುಗು. ಡಬ್ಬಿ ಮೊದಲು ತುಂಬುತ್ತದೆ. ಕೆಲವೇ ದಿನಗಳಲ್ಲಿ ಕೂಸಿಗೆ ಹಸಿವು ಹೆಚ್ಚುತ್ತದೆ, ಕಿರಿಕಿರಿ ತಗ್ಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಆದರೆ ಹಗೆವು? ಅದಿನ್ನೂ ಖಾಲಿ. ಆಗ ಔಷಧಿ ನಿಲ್ಲಿಸಿದರೆ ಒಂದು ಜ್ವರ, ಒಂದು ಹೊಟ್ಟೆಹುಳುವಿನ ಕಾಟ ಸಾಕು, ಮತ್ತೆ ಮೊದಲಿನಂತೆ. ಆದ್ದರಿಂದಲೇ ಚಿಕಿತ್ಸೆ ಕನಿಷ್ಠ ಎರಡು ತಿಂಗಳು. ಕೆಲವು ಮಕ್ಕಳಿಗೆ ವೈದ್ಯರು ಮೂರು ತಿಂಗಳೂ ಹೇಳುತ್ತಾರೆ.

ಕೂಸಿನ ಮೊದಲ ಹಗೆವನ್ನು ತುಂಬುವವಳು ತಾಯಿ. ಹೊಟ್ಟೆಯಲ್ಲಿದ್ದಾಗಲೇ ಆರು ತಿಂಗಳಿಗಾಗುವಷ್ಟು ಕಬ್ಬಿಣ ಕಟ್ಟಿಕೊಡುತ್ತಾಳೆ. ಅವಳದೇ ಬರಿದಾಗಿದ್ದರೆ ಕೊಡುವುದಾದರೂ ಏನು? ಕರ್ನಾಟಕದ ಚಾಮರಾಜನಗರ ಮತ್ತು ರಾಮನಗರ ಜಿಲ್ಲೆಯ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದ ಸುಮಾರು 400 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ನಾಲ್ಕರಲ್ಲಿ ಮೂರು ಮಕ್ಕಳಿಗೆ ರಕ್ತಹೀನತೆ ಇತ್ತು. ತಾಯಿಯ ರಕ್ತ ಕಡಿಮೆ ಇದ್ದ ಕಡೆ ಕೂಸಿನದೂ ಕಡಿಮೆ. ಬಸುರಿಯ ಕೆಂಪು ಗುಳಿಗೆ ಕೂಸಿನ ಗುಳಿಗೆಯೂ ಹೌದು. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ, ಒಂದರಿಂದ ಮೂರು ನಿಮಿಷ ಕಾದರೆ ಇನ್ನಷ್ಟು ರಕ್ತ ಕೂಸಿಗೆ ಹರಿಯುತ್ತದೆ. ಖರ್ಚಿಲ್ಲದ ಉಪಾಯ. ಹೆರಿಗೆಗೆ ಹೋಗುವಾಗ ಕೇಳಿಕೊಳ್ಳಿ.

ಆರು ತಿಂಗಳಾದ ಮೇಲೆ ಎದೆಹಾಲೊಂದೇ ಸಾಲದು. ಹಸುವಿನ ಹಾಲು, ಎಮ್ಮೆ ಹಾಲಂತೂ ಕಬ್ಬಿಣದ ಮಟ್ಟಿಗೆ ಬಡವ. ಲೀಟರ್ ಹಾಲಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. "ನಮ್ಮ ಹುಡುಗ ಊಟ ಮಾಡೂದಿಲ್ಲ, ಹಾಲಿನ ಮ್ಯಾಲೇ ಅದಾನ" ಎಂದು ಹೆಮ್ಮೆಯಿಂದ ಹೇಳುವ ಮನೆಯ ಹುಡುಗ ದುಂಡಗೆ, ಬೆಳ್ಳಗೆ ಕಾಣುತ್ತಾನೆ. ಆ ಬೆಳ್ಳಗಿನ ಬಣ್ಣವೇ ಎಷ್ಟೋ ಸಲ ರೋಗ.

ಹಗೆವು, ಡಬ್ಬಿ ಎರಡೂ ತುಂಬಬೇಕು, ಅದಕ್ಕೆ ಎರಡು ತಿಂಗಳು ಬೇಕು ಎಂದೆವು. ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಔಷಧಿ ಯಾಕೆ, ಒಳ್ಳೆಯ ಊಟ ಸಾಲದೇ? ರೊಟ್ಟಿ ಇದೆ, ಪಲ್ಯ ಇದೆ, ಶೇಂಗಾ ಹಿಂಡಿ ಇದೆ.

ಲೆಕ್ಕ ಹಾಕೋಣ. ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ದೇಶದಲ್ಲೇ ಹೆಸರು. 2016ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಎರಡು ವರ್ಷದ ಕೂಸು ದಿನಕ್ಕೆ ಒಂದು ರೊಟ್ಟಿ ತಿಂದರೆ ದೊಡ್ಡದು. 50 ಗ್ರಾಂ ಹಿಟ್ಟು, 2 ಮಿಲಿಗ್ರಾಂ ಕಬ್ಬಿಣ. ಅದರಲ್ಲಿ ಶರೀರ ಹೀರಿಕೊಳ್ಳುವುದು ನೂರಕ್ಕೆ ಐದು ಪಾಲಿನ ಆಸುಪಾಸು. ಅಂದರೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗ. ಇತ್ತ, ಹತ್ತು ಕಿಲೋ ತೂಕದ ಕೂಸಿಗೆ ಚಿಕಿತ್ಸೆಯ ಸಿರಪ್ಪಿನಲ್ಲಿ ದಿನಕ್ಕೆ 30 ಮಿಲಿಗ್ರಾಂ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಒಳಗೆ ಹಿಡಿದರೂ 3 ಮಿಲಿಗ್ರಾಂ. ರೊಟ್ಟಿಯ ಮೂವತ್ತು ಪಟ್ಟು. ಊಟ ಇದ್ದುದನ್ನು ಕಾಯುತ್ತದೆ. ಬರಿದಾದದ್ದನ್ನು ಬೇಗ ತುಂಬುವ ಶಕ್ತಿ ಅದಕ್ಕಿಲ್ಲ.

ಹಾಗೆಂದು ಊಟವನ್ನು ಬದಿಗಿಡಬೇಡಿ. ರೊಟ್ಟಿ ನುರಿದು, ಮೆಂತ್ಯ ಪಲ್ಯ, ಪುಂಡಿಪಲ್ಯ, ಬೇಳೆ ಕಲಸಿ, ಮೇಲೆ ನಿಂಬೆರಸ ಹಿಂಡಿ ಕೊಡಿ. ನಿಂಬೆ, ನೆಲ್ಲಿ, ಪೇರಲದ ಹುಳಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ. ತಿನ್ನುವ ಮನೆಯವರಾದರೆ ಕುರಿಯ ಕಲೇಜಿಯಂಥದ್ದು ಇನ್ನೊಂದಿಲ್ಲ. ಹುಳಿ ಬೆರೆತ ಸಾರನ್ನು ಕಬ್ಬಿಣದ ಪಾತ್ರೆಯಲ್ಲಿ ಕುದಿಸಿ. ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಊಟ ಉಂಡ ಮಕ್ಕಳ ರಕ್ತ ಸುಧಾರಿಸಿತು ಎಂದು 1999ರಲ್ಲೇ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ರೊಟ್ಟಿಯ ಹಂಚೂ ಕಬ್ಬಿಣದ್ದೇ. ಆದರೆ ಒಣ ರೊಟ್ಟಿ ಹಂಚಿನ ಮೇಲಿರುವುದು ಒಂದೆರಡು ನಿಮಿಷ. ಅದರಿಂದ ಬರುವುದು ಅಲ್ಪ.

ಇನ್ನು ದಾಳಿಂಬೆ. ಸೊಲ್ಲಾಪುರದ ದಾಳಿಂಬೆಯ ಮೇಲೆ ಯಾರಿಗೆ ಅಭಿಮಾನವಿಲ್ಲ? ಕೇಗಾಂವದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವೇ ಇದೆ. ಕೂಸಿಗೆ ರಕ್ತ ಕಡಿಮೆ ಎಂದರೆ ಅಪ್ಪ ಮೊದಲು ತರುವುದು ಒಂದು ಕಿಲೋ ದಾಳಿಂಬೆ. ತಿನ್ನಲಿ, ಒಳ್ಳೆಯ ಹಣ್ಣು. ಆದರೆ ನೂರು ಗ್ರಾಂ ಕಾಳಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಮಿನ ಮೂರನೆಯ ಒಂದು ಭಾಗದಷ್ಟು. ಬಣ್ಣ ಕೆಂಪಾದ ಮಾತ್ರಕ್ಕೆ ರಕ್ತವಾಗುವುದಿಲ್ಲ. ಗಜ್ಜರಿಗೂ ಬೀಟ್‌ರೂಟಿಗೂ ಇದೇ ಮಾತು.

ದಾಳಿಂಬೆಗಿಂತ ನನಗೆ ಹೆಚ್ಚು ಚಿಂತೆ ಚಹಾದ್ದು. ಒಂದೂವರೆ ವರ್ಷದ ಕೂಸಿಗೆ ಬಸಿಯಲ್ಲಿ ಚಹಾ ಹಾಕಿ, ಖಾರಿ ಅದ್ದಿ ತಿನ್ನಿಸುವುದು ನಮ್ಮ ಕಡೆಯ ಬೆಳಗು. ಊಟದ ಜೊತೆಯ ಚಹಾ, ಕಾಳಿನ ಮತ್ತು ಸೊಪ್ಪಿನ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಟ್ಟಿಹಾಕುತ್ತದೆ. ಔಷಧಿಯನ್ನೂ ಬಿಡುವುದಿಲ್ಲ. ಸಣ್ಣ ಮಕ್ಕಳಿಗೆ ಚಹಾ ಬೇಡವೇ ಬೇಡ. ಹಾಲನ್ನೂ ಔಷಧಿಯ ಜೊತೆ ಕೊಡಬೇಡಿ, ಒಂದು ತಾಸು ಅಂತರವಿರಲಿ.

ಊಟ ಬೇಕು, ಔಷಧಿಯೂ ಬೇಕು. ಇದು ಇತ್ಯರ್ಥವಾಯಿತು. ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಾಟಲಿ ನಡುವೆ ಯಾಕೆ ನಿಲ್ಲುತ್ತದೆ?

ಮೊದಲನೆಯ ಕಾರಣವನ್ನು ಬಾಯಿಬಿಟ್ಟು ಹೇಳಲು ತಾಯಂದಿರಿಗೆ ಸಂಕೋಚ. ನಾನೇ ಹೇಳುತ್ತೇನೆ. ಕೂಸಿನ ಮಲ ಕಪ್ಪಾಗುತ್ತದೆ. "ಕರ್ರಗ ಆಗಾಕತ್ತೈತ್ರಿ, ಒಳಗ ಏನೋ ಸುಟ್ಟಂಗ ಆಗೇತಿ" ಎಂದು ಅಜ್ಜಿ ಗಾಬರಿಯಾಗುತ್ತಾಳೆ. ಅಂದೇ ಬಾಟಲಿ ಮಾಡ ಸೇರುತ್ತದೆ. ಅಜ್ಜಿಗೆ ಹೇಳಿ: ಕರುಳು ಹೀರದೆ ಬಿಟ್ಟ ಕಬ್ಬಿಣ ಕಪ್ಪಾಗಿ ಹೊರಬೀಳುತ್ತದೆ, ಅಷ್ಟೇ. ಅದು ರೋಗವಲ್ಲ. ಔಷಧಿ ಹೊಟ್ಟೆಗೆ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಬಾಟಲಿ ಕೊಡುವ ದಿನವೇ ಈ ಮಾತು ಹೇಳಿದ್ದರೆ ಎಷ್ಟೋ ಬಾಟಲಿಗಳು ಪೂರ್ತಿ ಮುಗಿಯುತ್ತಿದ್ದವು. ಇದನ್ನು ತಾಯಿಗಷ್ಟೇ ಹೇಳಿದರೆ ಸಾಲದು. ಮನೆಯಲ್ಲಿ ನಿಲ್ಲಿಸುವ ಅಧಿಕಾರ ಅತ್ತೆಯದು. ಹೇಳಬೇಕಾದದ್ದು ಅವಳಿಗೆ, ಅದೂ ಅವಳ ಭಾಷೆಯಲ್ಲಿ. ಅಕ್ಕಲಕೋಟೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಾಗದವೆಲ್ಲ ಮರಾಠಿ. ಕಾಗದ ಓದಿ ಅಜ್ಜಿಯ ಹೆದರಿಕೆ ಹೋಗುವುದಿಲ್ಲ. ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಹೇಳುವ ಆಶಾ ಬೇಕು.

ಎರಡನೆಯದು ರುಚಿ. ಸಿಹಿ ಬೆರೆಸಿದರೂ ತುಕ್ಕಿನ ರುಚಿ ಮುಚ್ಚುವುದಿಲ್ಲ. ಕೂಸು ಉಗುಳುತ್ತದೆ. ಕೊಡುವ ರೀತಿ ಹೀಗಿರಲಿ. ಕೂಸನ್ನು ತೊಡೆಯ ಮೇಲೆ ಅರ್ಧ ಕೂರಿಸಿಕೊಳ್ಳಿ, ಪೂರ್ತಿ ಮಲಗಿಸಬೇಡಿ. ತಲೆ ನಿಮ್ಮ ಎಡಗೈ ಮೊಣಕೈ ಮೇಲೆ. ಅಳತೆ ನಳಿಕೆಯನ್ನು ನಾಲಿಗೆಯ ಮೇಲೆ ಇಡಬೇಡಿ, ಕೆನ್ನೆಯ ಒಳಬದಿಗೆ, ಹಿಂದಕ್ಕೆ ಇಡಿ. ನಿಧಾನ ಬಿಡಿ. ಮುಂದಿನ ಹಲ್ಲಿಗೆ ತಾಗಿದರೆ ಹಲ್ಲು ಕಪ್ಪಾಗುತ್ತದೆ. ಆಮೇಲೆ ನಾಲ್ಕು ಚಮಚ ನಿಂಬೆಶರಬತ್ತು ಕುಡಿಸಿ. ಬಾಯಿಯೂ ತೊಳೆಯಿತು, ಕಬ್ಬಿಣಕ್ಕೆ ಹುಳಿಯ ಜೊತೆಯೂ ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರುತ್ತದೆ. ವಾಂತಿಯಾದರೆ ಹಟ ಬೇಡ, ಉಂಡ ಮೇಲೆ ಕೊಡಿ. ಸ್ವಲ್ಪ ಕಡಿಮೆ ಹೀರಿದರೂ ಹೊಟ್ಟೆಯಲ್ಲಿ ನಿಂತದ್ದು ಲಾಭ.

ಮೂರನೆಯ ಕಾರಣ, ಕೂಸು ಚೆನ್ನಾಗಿರುವುದು! ಇಪ್ಪತ್ತು ದಿನಕ್ಕೆ ಆಡತೊಡಗುತ್ತದೆ. ಇನ್ನು ಯಾಕೆ ಔಷಧಿ? ಡಬ್ಬಿ, ಹಗೆವಿನ ಮಾತು ನೆನಪಿಗೆ ತಂದುಕೊಳ್ಳಿ.

ನಾಲ್ಕನೆಯದು ಊರು ಬಿಡುವುದು. ಜನವರಿಯಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದವರು ಬಾಟಲಿ ಮನೆಯಲ್ಲೇ ಬಿಟ್ಟಿರುತ್ತಾರೆ. ಅದು ನಾಲ್ಕು ದಿನ, ಹೇಗೋ ನಡೆದೀತು. ಕಬ್ಬು ಕಡಿಯಲು ಟ್ರ್ಯಾಕ್ಟರ್ ಏರಿದ ಕುಟುಂಬದ ಮಾತು ಬೇರೆ. ಅವರು ತಿಂಗಳುಗಟ್ಟಲೆ ಗುಡಿಸಲಲ್ಲಿ. ಊರಿನ ಆಶಾ ಊರಲ್ಲಿ. ಹೊರಡುವ ಮೊದಲೇ ಎರಡೂ ಬಾಟಲಿ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುವವರು ಒಂದು ಮಾತು ಯೋಚಿಸಲಿ, ದಾಸ್ತಾನಿನ ವಹಿಯಲ್ಲಿ ಉಳಿದ ಬಾಟಲಿಯಿಂದ ಯಾವ ಕೂಸಿಗೂ ರಕ್ತ ಬಂದದ್ದಿಲ್ಲ.

ಕಪ್ಪು ಮಲ, ತುಕ್ಕಿನ ರುಚಿ, ಬೇಗ ಬಂದ ಚೇತರಿಕೆ, ಊರು ಬಿಡುವುದು. ಈ ನಾಲ್ಕರಲ್ಲಿ ಒಂದೂ ಔಷಧಿಯ ದೋಷವಲ್ಲ. ಮಾತಾಡಿ ಬಗೆಹರಿಸುವಂಥವು. ಹಾಗೆ ಬಗೆಹರಿದೀತೇ ಎಂದು ನಮ್ಮ ಚಿಕ್ಕಬಳ್ಳಾಪುರದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 55 ಹಳ್ಳಿ, ಐದು ವರ್ಷದೊಳಗಿನ 500ಕ್ಕೂ ಹೆಚ್ಚು ರಕ್ತಹೀನ ಮಕ್ಕಳು. ಎಲ್ಲರಿಗೂ ಕಬ್ಬಿಣದ ಔಷಧಿ ಕೊಟ್ಟರು. ಅರ್ಧ ಹಳ್ಳಿಗಳಲ್ಲಿ ಮಾತ್ರ ಅದೇ ಸೀಮೆಯ ಆರೋಗ್ಯ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ತಾಯಂದಿರ ಜೊತೆ ಕೂತು ಮಾತಾಡಿದರು. ಅರ್ಧ ವರ್ಷದ ಕೊನೆಗೆ ನೋಡಿದಾಗ, ಮಾತಾಡಿದ ಹಳ್ಳಿಗಳಲ್ಲಿ ನೂರಕ್ಕೆ 55ಕ್ಕೂ ಹೆಚ್ಚು ಮಕ್ಕಳು ಗುಣವಾಗಿದ್ದರು. ಉಳಿದ ಕಡೆ ಸುಮಾರು 41. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಔಷಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಮನೆಗೆ ಬಂದು ಆಡಿದ ಮಾತಿನಲ್ಲಿತ್ತು.

ಈಗ ಅಳತೆ. ಪೆನ್ನು ಇದ್ದರೆ ಬರೆದುಕೊಳ್ಳಿ. ಸರಕಾರಿ ಸಿರಪ್ಪಿನ ಒಂದು ಎಂ.ಎಲ್.ನಲ್ಲಿ 20 ಮಿಲಿಗ್ರಾಂ ಕಬ್ಬಿಣ ಇದೆ. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಅದನ್ನು ಕೊಡುವ ರೀತಿ ಎರಡು. ಆರು ತಿಂಗಳಿಂದ ಐದು ವರ್ಷದ ಎಲ್ಲ ಮಕ್ಕಳಿಗೂ, ರೋಗ ಬಾರದಿರಲೆಂದು, ವಾರಕ್ಕೆ ಎರಡು ಸಲ ಒಂದೊಂದು ಎಂ.ಎಲ್. ಹೀಗೆ ಕೊಟ್ಟರೆ ಒಂದು ಬಾಟಲಿ ಸುಮಾರು ಆರು ತಿಂಗಳು ಬರುತ್ತದೆ. ರಕ್ತಹೀನತೆ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮಕ್ಕಳಿಗೆ ಮಾತ್ರ ದಿನಾ. ಕಿಲೋ ತೂಕಕ್ಕೆ 3 ಮಿಲಿಗ್ರಾಂ ಲೆಕ್ಕ. ಹತ್ತು ಕಿಲೋ ಕೂಸಿಗೆ ಒಂದೂವರೆ ಎಂ.ಎಲ್. ಆಗ ಬಾಟಲಿ ಒಂದು ತಿಂಗಳಿಗೆ ಮುಗಿಯುತ್ತದೆ. ಎರಡು ತಿಂಗಳಿಗೆ ಎರಡು ಬಾಟಲಿ. ನಿಮ್ಮ ಕೂಸಿನ ಅಳತೆಯನ್ನು ವೈದ್ಯರೋ ನರ್ಸಮ್ಮನೋ ತೂಕ ನೋಡಿ ಹೇಳುತ್ತಾರೆ. ಪಕ್ಕದ ಮನೆಯ ಅಳತೆ ನಿಮಗೆ ಬೇಡ. ಅಂಗಡಿಯ ಟಾನಿಕ್ ತಂದರೆ ಇನ್ನೂ ಎಚ್ಚರ. ಒಂದೊಂದು ಕಂಪನಿಯದು ಒಂದೊಂದು ಸಾಂದ್ರತೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣ ಹೆಚ್ಚಲ್ಲ. ಅಮೆರಿಕದಲ್ಲಿ ಎರಡು ಬಗೆಯ ಕಬ್ಬಿಣದ ಔಷಧಿಯನ್ನು ಮಕ್ಕಳಿಗೆ ಕೊಟ್ಟು ಹೋಲಿಸಿದರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಹಳೆಯ ಅಗ್ಗದ ಫೆರಸ್ ಸಲ್ಫೇಟೇ ಮುಂದಿತ್ತು.

     

ಜೋರು ಜ್ವರ, ಭೇದಿ ಇದ್ದಾಗ ಸಿರಪ್ ನಿಲ್ಲಿಸಿ, ಗುಣವಾದ ಮೇಲೆ ಮುಂದುವರಿಸಿ. ತೀರ ಬಡಕಲಾದ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಬೇಕಾದ ಮಕ್ಕಳಿಗೆ ಕಬ್ಬಿಣವನ್ನು ಮೊದಲ ದಿನವೇ ಕೊಡುವುದಿಲ್ಲ. ಅದು ವೈದ್ಯರ ತೀರ್ಮಾನ. ಒಂದು ವರ್ಷ ದಾಟಿದವರಿಗೆ ಫೆಬ್ರುವರಿ, ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಗುಳಿಗೆ ತಪ್ಪಿಸಬೇಡಿ. ತಿಂಗಳಾದ ಮೇಲೆ ರಕ್ತ ಮತ್ತೆ ತೋರಿಸಿ. ತಪ್ಪದೆ ಕೊಟ್ಟರೂ ಏರಿಲ್ಲವೆಂದರೆ ಬೇರೆ ಕಾರಣ ಹುಡುಕಬೇಕು. ಥಲಸ್ಸೀಮಿಯ ಇರಬಹುದು, ಬಿ-12 ಕೊರತೆ ಇರಬಹುದು. ಸೊಲ್ಲಾಪುರದ ವೈಶಂಪಾಯನ ವೈದ್ಯಕೀಯ ಕಾಲೇಜಿನ ಸಿವಿಲ್ ಆಸ್ಪತ್ರೆಯಂಥ ದೊಡ್ಡ ಕಡೆ ತೋರಿಸಿ.

ಅಳತೆ ಹೇಳಿದ್ದಾಯಿತು, ಅವಧಿ ಹೇಳಿದ್ದಾಯಿತು. ಉಳಿದದ್ದು ಬಾಟಲಿ ಇಡುವ ಜಾಗ. ತುಂಬಿದ ಬಾಟಲಿಯಲ್ಲಿ 1000 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸಿಹಿ ಇದೆಯೆಂದು ಹತ್ತು ಕಿಲೋ ಕೂಸು ಅದನ್ನು ಒಮ್ಮೆಗೇ ಕುಡಿದರೆ ಕಿಲೋ ತೂಕಕ್ಕೆ 100 ಮಿಲಿಗ್ರಾಂ ಆಯಿತು. 60 ದಾಟಿದರೇ ಜೀವಕ್ಕೆ ಅಪಾಯ. ಆದ್ದರಿಂದ ಕೈಗೆಟುಕುವ ಮಾಡ ಬೇಡ. ಎತ್ತರದ ಅಟ್ಟ ಇರಲಿ, ಕೀಲಿ ಹಾಕುವ ಪೆಟ್ಟಿಗೆಯಾದರೆ ಇನ್ನೂ ಒಳ್ಳೆಯದು. ತಾಯಿಯ ಕೆಂಪು ಗುಳಿಗೆಗಳೂ ಅಲ್ಲಿಯೇ. ಅವು ಮಕ್ಕಳ ಕಣ್ಣಿಗೆ ಪೆಪ್ಪರಮೆಂಟು. ಕುಡಿದದ್ದು ಗೊತ್ತಾದ ಕೂಡಲೇ 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸುತ್ತ ಕೂರಬೇಡಿ. ಒಮ್ಮೆ ವಾಂತಿಯಾಗಿ ಕೂಸು ಸುಮ್ಮನಾಯಿತೆಂದು ಮನೆಯಲ್ಲೂ ಉಳಿಯಬೇಡಿ, ಕೆಲವು ತಾಸು ಅರಾಮ ಕಂಡು ಮತ್ತೆ ಬಿಗಡಾಯಿಸುತ್ತದೆ. ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಎಷ್ಟು ಉಳಿದಿದೆ ಎಂದು ನೋಡಿ, ಎಷ್ಟು ಹೊಟ್ಟೆಗೆ ಹೋಗಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ.